ಹೋಗಿಬಾ ಕೋಲು: ಹಲ್ಲಿಲ್ಲದ ಚಕ್ರ ರೇಷ್ಮೆ ನೂಲು ನಡೆಸಿದ ಕಥೆ

ಮಜ್ಜಿಗೆ ಕಡೆಯುವ ಕಡಗೋಲು ನೋಡಿದ್ದೀರಲ್ಲ. ಹಗ್ಗವನ್ನು ಕೋಲಿಗೆ ಎರಡು ಸುತ್ತು ಸುತ್ತಿ, ಒಂದು ತುದಿ ಎಡಗೈಲಿ, ಇನ್ನೊಂದು ಬಲಗೈಲಿ ಹಿಡಿದು ಎಳೆಯುತ್ತಾರೆ. ಹಗ್ಗ ನೇರಕ್ಕೆ ಹೋಗುತ್ತೆ, ಬರುತ್ತೆ. ಕೋಲು ಗುಂಡಗೆ ತಿರುಗುತ್ತೆ. ಹಗ್ಗಕ್ಕೂ ಕೋಲಿಗೂ ನಡುವೆ ಗಂಟಿಲ್ಲ, ಮೊಳೆ ಇಲ್ಲ, ಹಲ್ಲಿನ ಚಕ್ರವೂ ಇಲ್ಲ. ಎರಡನ್ನೂ ಹಿಡಿದಿರುವುದು ಬರೀ ಉಜ್ಜಾಟ. ಬೆಣ್ಣೆ ತಾಗಿ ಹಗ್ಗ ಜಿಡ್ಡಾದರೆ ಕೋಲು ನಿಲ್ಲುತ್ತೆ, ಹಗ್ಗ ಮಾತ್ರ ಜಾರುತ್ತೆ.

ಇಂಗ್ಲಿಷಿನಲ್ಲಿ ಇದಕ್ಕೆ ಫ್ರಿಕ್ಷನ್ ಡ್ರೈವ್ ಅಂತಾರೆ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಎರಡು ದೊಡ್ಡ ಕಸುಬುಗಳು, ರೇಷ್ಮೆ ಮತ್ತು ಬೊಂಬೆ, ನೂರಾರು ವರ್ಷ ಈ ಉಜ್ಜಾಟದ ಮೇಲೇ ನಡೆದಿವೆ. ರೇಷ್ಮೆಯ ಇತಿಹಾಸ ಅಂದರೆ ನಮಗೆ ಟಿಪ್ಪು, ಟಾಟಾ, ಮಹಾರಾಜರು ಅಂತ ಹೇಳಿಕೊಡುತ್ತಾರೆ. ಅದು ಸುಳ್ಳಲ್ಲ. ಆದರೆ ನೂಲಿಗೆ ಬೆಲೆ ಬಂದಿದ್ದು, ಬೀಳದೆ ಉಳಿದಿದ್ದು ಬಹುಪಾಲು ಒಂದು ಸಣ್ಣ ಕೋಲಿನಿಂದ. ಆ ಕೋಲು ಎಲ್ಲಿ ಜಾರಬೇಕು, ಎಲ್ಲಿ ಜಾರಬಾರದು ಅನ್ನೋದನ್ನು ಕಲಿಯೋದಕ್ಕೇ ಇನ್ನೂರು ಮುನ್ನೂರು ವರ್ಷ ಹಿಡಿದಿದೆ.

ಮೊದಲು ಚನ್ನಪಟ್ಟಣಕ್ಕೆ ಹೋಗೋಣ, ಅಲ್ಲಿ ವಿಷಯ ಸುಲಭ. ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಮಾತು ಒಂದೇ, ಯಾಕಂದರೆ ಕೆಲಸವೂ ಒಂದೇ. ಹಳೇ ಕೈ ಲೇತಿನಲ್ಲಿ ಆಲೆ ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಕಮಾನಿನ ಹಗ್ಗವನ್ನು ಅಚ್ಚಿಗೆ ಸುತ್ತಿ ಹಿಂದೆ ಮುಂದೆ ಎಳೆಯುತ್ತಿದ್ದರು. ಮರ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗುತ್ತಿತ್ತು. ಉಳಿ ಕೊರೆಯೋದು ಮಾತ್ರ ಒಂದು ಕಡೆಗೆ ತಿರುಗುವಾಗ. ಅಂದರೆ ಎಳೆದ ಎಳೆತದಲ್ಲಿ ಅರ್ಧ ವ್ಯರ್ಥ. ಬವಾಸ್ ಮಿಯಾನ್ ಅವರು ಜಪಾನಿನ ಕಡಸಲು ವಿದ್ಯೆಯನ್ನು ಇಲ್ಲಿಗೆ ತಂದರು, ಅದಕ್ಕೇ ಅವರು ಚನ್ನಪಟ್ಟಣ ಬೊಂಬೆಯ ಪಿತಾಮಹ ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಆಮೇಲೆ ಮೋಟಾರು, ಬೆಲ್ಟು ಬಂದವು. ಬೆಲ್ಟು ಕೂಡ ಕಡಗೋಲಿನ ಹಗ್ಗದ ಮೊಮ್ಮಗನೇ. ಉಳಿ ಮರದೊಳಗೆ ಕಚ್ಚಿಕೊಂಡರೆ ಬೆಲ್ಟು ಜಾರುತ್ತೆ, ಕೈ ಉಳಿಯುತ್ತೆ.

ಬಣ್ಣ ಹಚ್ಚೋದೂ ಉಜ್ಜಾಟದಿಂದಲೇ. ತಿರುಗುತ್ತಿರುವ ಬೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ. ಒಲೆ ಬೇಡ, ಕುಂಚ ಬೇಡ. ಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿದರೆ ಹೊಳಪು. 2005-06ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಪೇಪರಿನವರು, ನಾನೂ ಸೇರಿದಂತೆ, ಬಣ್ಣದ ಬಗ್ಗೆ ಬರೆದಷ್ಟು ಆ ಕಾವಿನ ಬಗ್ಗೆ ಬರೆಯಲಿಲ್ಲ.

ಈಗ ರೇಷ್ಮೆ. ಇಲ್ಲಿ ಕೆಲಸ ಉಲ್ಟಾ. ಕಡಗೋಲಿನಲ್ಲಿ ನೇರ ಎಳೆತದಿಂದ ತಿರುಗಾಟ ಹುಟ್ಟುತ್ತೆ. ನೂಲು ಬಿಚ್ಚೋ ರಾಟೆಯಲ್ಲಿ ತಿರುಗಾಟದಿಂದ ನೇರ ಓಡಾಟ ಹುಟ್ಟಬೇಕು. ಯಾಕೆ ಅಂತ ಹೇಳುತ್ತೇನೆ.

ಬಿಸಿ ನೀರಿನಲ್ಲಿ ಬೆಂದ ಎಂಟು ಹತ್ತು ಗೂಡುಗಳ ಎಳೆ ಸೇರಿಸಿದರೆ ಒಂದು ನೂಲು. ಗೂಡಿನ ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟು, ಅದಕ್ಕೆ ಸೆರಿಸಿನ್ ಅನ್ನುತ್ತಾರೆ. ಎಳೆಗಳು ಒಂದಕ್ಕೊಂದು ಕೂಡಿ ನೂಲಾಗೋದು ಆ ಅಂಟಿನಿಂದ. ಆದರೆ ಅದೇ ಅಂಟು ರಾಟೆಯ ಮೇಲೆ ಶತ್ರು. ಹಸಿ ನೂಲು ಒಂದರ ಮೇಲೊಂದು ಅದೇ ಜಾಗದಲ್ಲಿ ಬಿದ್ದರೆ ಒಣಗಿದ ಮೇಲೆ ಕಟ್ಟಿಗೆಯಾಗುತ್ತೆ. ಬಿಚ್ಚಲು ಹೋದರೆ ಪಟ್ಟನೆ ಕಿತ್ತು ಬರುತ್ತೆ. ಕಂಚಿಯವನೋ ಧರ್ಮಾವರದವನೋ ನೇಕಾರ ಒಂದು ಸಲ ಕೈ ಸುಟ್ಟುಕೊಂಡರೆ ಮುಂದಿನ ಸಲ ಆ ನೂಲಿಗೆ ಕಡಿಮೆ ಬೆಲೆ ಕೂಗುತ್ತಾನೆ.

ಅದಕ್ಕೆ ಉಪಾಯ ಏನಂದರೆ, ರಾಟೆ ಸುತ್ತುತ್ತಿರುವಾಗ ನೂಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುತ್ತಲೇ ಇರಬೇಕು. ಹೊಸ ಸುತ್ತು ಹಳೇ ಸುತ್ತಿನ ಮೇಲೆ ಓರೆಯಾಗಿ ದಾಟಿ ಬೀಳಬೇಕು. ಈ ಕೆಲಸ ಮಾಡೋ ಅಡ್ಡ ಕೋಲಿಗೆ ಇಟಲಿಯವರು ಇಟ್ಟ ಹೆಸರಿನ ಅರ್ಥ ಹೋಗಿ-ಬಾ. ನಾನೂ ಹೋಗಿಬಾ ಕೋಲು ಅಂತಲೇ ಕರೆಯುತ್ತೇನೆ. ಟ್ರಾವರ್ಸ್ ಅನ್ನೋದಕ್ಕಿಂತ ಇದು ಬಾಯಿಗೆ ಸಲೀಸು.

ಹಳೇ ಕಾಲದಲ್ಲಿ ಈ ಕೋಲನ್ನು ರಾಟೆಯ ಅಚ್ಚಿನಿಂದ ಹಗ್ಗ ಹಾಕಿ ಓಡಿಸೋದು ಬಳಕೆ. ಹಗ್ಗ ಅಗ್ಗ, ಯಾರು ಬೇಕಾದರೂ ಕಟ್ಟಬಹುದು. ತೊಂದರೆ ಏನು? ಮಳೆಗಾಲದಲ್ಲಿ ಹಗ್ಗ ನೆಂದು ಬಿಗಿಯುತ್ತೆ, ಬೇಸಿಗೆಯಲ್ಲಿ ಸಡಿಲಾಗುತ್ತೆ, ನಡುವೆ ಜಾರುತ್ತೆ. ರಾಟೆ ಇಷ್ಟು ಸುತ್ತು ತಿರುಗುವಷ್ಟರಲ್ಲಿ ಕೋಲು ಇಷ್ಟು ಸಲ ಹೋಗಿ ಬರಬೇಕು ಅನ್ನೋ ಲೆಕ್ಕ ತಪ್ಪುತ್ತೆ. ಲೆಕ್ಕ ತಪ್ಪಿದರೆ ನೂಲು ನೂಲಿನ ಮೇಲೇ ಬೀಳುತ್ತೆ. 18ನೇ ಶತಮಾನದಲ್ಲಿ ಇಟಲಿಯ ಪೀಡ್‌ಮಾಂಟ್ ರಾಜ್ಯದಲ್ಲಿ ಇದು ಎಷ್ಟು ದೊಡ್ಡ ವಿಷಯವಾಯಿತು ಅಂದರೆ, ರಾಟೆ ಹೇಗಿರಬೇಕು, ಕೋಲು ಹಲ್ಲಿನ ಚಕ್ರದಿಂದಲೇ ಓಡಬೇಕು ಎಂದು ಸರ್ಕಾರವೇ ಕಟ್ಟಳೆ ಮಾಡಿತು. ಆ ನೂಲು ಯುರೋಪಿನಲ್ಲೇ ಹೆಸರಾಯಿತು. ಈಸ್ಟ್ ಇಂಡಿಯಾ ಕಂಪನಿ ಅದೇ ಪದ್ಧತಿಯನ್ನು 1770ರ ಸುಮಾರಿಗೆ ಬಂಗಾಳಕ್ಕೆ ತಂದಿತು.

ಸ್ವಲ್ಪ ವರ್ಷದಲ್ಲೇ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿದ. ಹಿಪ್ಪುನೇರಳೆ ನಮ್ಮ ಸೀಮೆಗೆ ಹಬ್ಬಿತು. ಹುಳು ಬಂತು, ಸೊಪ್ಪು ಬಂತು, ಆದರೆ ಆ ಹಲ್ಲಿನ ಚಕ್ರದ ಶಿಸ್ತು ನಮ್ಮ ನೂಲು ಬಿಚ್ಚೋ ಮನೆಗಳಿಗೆ ಬರಲಿಲ್ಲ. ಇಲ್ಲಿ ಉಳಿದಿದ್ದು ನಾಡ ಚರಕ. ಮಣ್ಣಿನ ಒಲೆ, ಬಾಣಲೆ, ಕೈಯಲ್ಲಿ ತಿರುಗಿಸುವ ದೊಡ್ಡ ಮರದ ರಾಟೆ. ಒಬ್ಬರು ತಿರುಗಿಸೋದು, ಒಬ್ಬರು ಗೂಡು ನೋಡೋದು. ಅದನ್ನು ಹೀಗಳೆಯಲು ನಾನು ತಯಾರಿಲ್ಲ. ಬಡವನ ಹಟ್ಟಿಯಲ್ಲಿ ಬಡಗಿ ಮಾಡಿಕೊಡುವ ಸಾಮಾನಿನಲ್ಲಿ ನಡೆಯುವ ಯಂತ್ರ ಅದೊಂದೇ ಆಗಿತ್ತು. ಗೂಡಿಗೆ ಒಳ್ಳೇ ಬೆಲೆ ಇಲ್ಲದಾಗಲೂ, ಚೂರುಪಾರು ಗೂಡು ಬಂದಾಗಲೂ ಅದು ಓಡುತ್ತೆ. ಇವತ್ತಿಗೂ ಸೀಳು ಗೂಡು, ಜೋಡಿ ಗೂಡು ಬಿಚ್ಚೋದಕ್ಕೆ ಚರಕದಷ್ಟು ಒಗ್ಗುವ ಯಂತ್ರ ಇಲ್ಲ.

ಹೊರಗಿನವರು ಸುಮ್ಮನಿರಲಿಲ್ಲ. 1860ರ ದಶಕದಲ್ಲಿ ಡಿ ವೆಕ್ಕಿ ಅನ್ನೋ ಇಟಲಿಯವರು ಕೆಂಗೇರಿಯಲ್ಲಿ ಹಬೆಯಿಂದ ನಡೆಯುವ ಫಿಲೇಚರ್ ಹಾಕಿಸಿದರು. ಹುಳುವಿನ ರೋಗದ ಮುಂದೆ ಅದು ನಿಲ್ಲಲಿಲ್ಲ. 19ನೇ ಶತಮಾನದ ಕೊನೆಗೆ ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿ ಕಡೆ ಜಪಾನಿನವರನ್ನು ಕರೆಸಿ ರೇಷ್ಮೆ ಫಾರಂ ಮಾಡಿದರು. 1913ರ ಸುಮಾರಿಗೆ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ನೇಮಿಸಿತು, ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಎದ್ದಿತು. ಆಮೇಲೆ ಇಲಾಖೆಯ ಹೊಣೆ ಹೊತ್ತವರು ನವರತ್ನ ರಾಮರಾವ್. ‘ಕೆಲವು ನೆನಪುಗಳು’ ಬರೆದ ಅದೇ ರಾಮರಾವ್ ಅವರು. 1930ರ ದಶಕದಲ್ಲಿ ಚನ್ನಪಟ್ಟಣಕ್ಕೆ ಸ್ಪನ್ ಸಿಲ್ಕ್ ಮಿಲ್ ಬಂತು, ನೂಲು ಬಿಚ್ಚಿ ಉಳಿದ ಚಿಂದಿಯನ್ನು ನೂತು ದಾರ ಮಾಡುವ ಗಿರಣಿ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಮೈಸೂರು ನೂಲಿಗೆ ಎಲ್ಲಿಲ್ಲದ ಗಿರಾಕಿ. ಪ್ಯಾರಾಚೂಟಿನ ನೂಲಿನಲ್ಲಿ ಗಂಟು, ಅಂಟು ಇರಬಾರದು ನೋಡಿ. ಚರಕದ ನೂಲು ಅಲ್ಲಿ ಸೋತಿತು.

ಆ ಕಾಲಘಟ್ಟದಲ್ಲಿ ಚರಕಕ್ಕೂ ದೊಡ್ಡ ಫಿಲೇಚರಿಗೂ ನಡುವಿನದಾಗಿ ಹಬ್ಬಿದ್ದೇ ಕಾಟೇಜ್ ಬೇಸಿನ್. ಕಸುಬುದಾರರು ಬರೀ ‘ಬೇಸಿನ್’ ಅನ್ನುತ್ತಾರೆ. ಗೂಡು ಬೇಯಿಸೋ ಒಲೆ ಬೇರೆ, ಬಿಚ್ಚೋ ತೊಟ್ಟಿ ಬೇರೆ, ನೂಲು ಮೊದಲು ಸಣ್ಣ ರೀಲಿಗೆ, ಅಲ್ಲಿಂದ ಸುತ್ತಳತೆ ಒಂದೂವರೆ ಮೀಟರಿನ ದೊಡ್ಡ ರೀಲಿಗೆ. ಇದರಲ್ಲಿ ನನಗೆ ಮುಖ್ಯವಾಗಿ ಕಾಣೋದು ಬೇರೆ. ಇಲ್ಲಿ ಹಲ್ಲಿಗೂ ಉಜ್ಜಾಟಕ್ಕೂ ಮನೆ ಪಾಲಾಗಿದೆ. ಹೋಗಿಬಾ ಕೋಲಿಗೆ ಹಲ್ಲಿನ ಚಕ್ರ, ತುದಿಯಲ್ಲಿ ಕ್ಯಾಮ್. ಅಲ್ಲಿ ಜಾರಾಟ ಬೇಡ, ಲೆಕ್ಕ ಬೇಕು. ರೀಲಿಗೆ ಮಾತ್ರ ಉಜ್ಜಾಟ. ರೀಲಿನ ಅಚ್ಚಿನ ತುದಿಯಲ್ಲಿ ಒಂದು ಬಿಲ್ಲೆ, ಅದು ತಿರುಗುತ್ತಿರುವ ಇನ್ನೊಂದು ಬಿಲ್ಲೆಯ ಮೇಲೆ ಬರೀ ತೂಕದಿಂದ ಕೂತಿರುತ್ತೆ. ಹಿಡಿ ಎತ್ತಿದರೆ ಆ ಒಂದು ರೀಲು ನಿಲ್ಲುತ್ತೆ, ಮಿಕ್ಕವು ಓಡುತ್ತಿರುತ್ತವೆ. ನೂಲು ಎಲ್ಲೋ ಸಿಕ್ಕಿಕೊಂಡರೆ ಬಿಲ್ಲೆ ಜಾರುತ್ತೆ, ನೂಲು ಉಳಿಯುತ್ತೆ. ಅಲ್ಲಿಗೂ ಹಲ್ಲು ಹಾಕಿದ್ದರೆ ಸಿಕ್ಕಿದ ನೂಲು ಪ್ರತಿ ಸಲವೂ ಕಡಿಯುತ್ತಿತ್ತು, ಪ್ರತಿ ಸಲವೂ ಒಂದು ಗಂಟು.

ಕ್ಯಾಮಿನ ಬಗ್ಗೆ ಒಂದು ಮಾತು. ಬರೀ ತಿರುಗಣಿ ಹಾಕಿ ಕೋಲನ್ನು ಓಡಿಸಿದರೆ ಎರಡು ತುದಿಯಲ್ಲೂ ಅದು ತಡವರಿಸುತ್ತೆ, ನಡುವೆ ಓಡುತ್ತೆ. ಉಯ್ಯಾಲೆ ತುದಿಯಲ್ಲಿ ಒಂದು ಗಳಿಗೆ ನಿಂತ ಹಾಗೆ. ಆಗ ರೀಲಿನ ಅಂಚಿನಲ್ಲಿ ನೂಲು ಗುಡ್ಡೆ ಬೀಳುತ್ತೆ, ನಡುವೆ ಹಳ್ಳ. ಹೃದಯದ ಆಕಾರದ ಕ್ಯಾಮ್ ಹಾಕಿದರೆ ಕೋಲು ಒಂದೇ ವೇಗದಲ್ಲಿ ಸಾಗುತ್ತೆ. ನಿಮ್ಮೂರಿನ ಬೇಸಿನ್ ಮನೆಯಲ್ಲಿ ಲಡಿಯ ಅಂಚು ದಪ್ಪಗಿದ್ದರೆ ಕೆಲಸದವರನ್ನು ಬೈಯುವ ಮೊದಲು ಕ್ಯಾಮ್ ಸವೆದಿದೆಯಾ ನೋಡಿ.

ಬಿಚ್ಚಿದ ನೂಲಿಗೆ ಹುರಿ ಹಾಕೋದು ಮುಂದಿನ ಕೆಲಸ, ಅದಕ್ಕೆ ಮಾಗಡಿ ಹೆಸರಾದ ಊರು. ಹುರಿ ಮಿಷನ್ನಿನಲ್ಲೂ ಉಜ್ಜಾಟವೇ ರಾಜ. ಉದ್ದಕ್ಕೆ ಓಡುವ ಒಂದೇ ಬೆಲ್ಟು ಸಾಲಾಗಿ ನಿಂತ ಕದಿರುಗಳಿಗೆ ತಾಗಿ ಎಲ್ಲವನ್ನೂ ತಿರುಗಿಸುತ್ತೆ. ಮೇಲೆ ನೂಲು ಸುತ್ತಿಕೊಳ್ಳುವ ಬಾಬಿನ್, ತಿರುಗುವ ಉರುಳೆಯ ಮೈಮೇಲೆ ಕೂತಿರುತ್ತೆ. ಇದು ಬುದ್ಧಿವಂತಿಕೆ. ಬಾಬಿನ್ನನ್ನು ಅದರ ಅಚ್ಚಿನಿಂದ ತಿರುಗಿಸಿದರೆ ನೂಲು ತುಂಬಿ ಹೊಟ್ಟೆ ದಪ್ಪ ಆದಷ್ಟೂ ಒಂದು ಸುತ್ತಿಗೆ ಹೆಚ್ಚು ನೂಲು ಎಳೆಯುತ್ತೆ, ಹುರಿ ಕಡಿಮೆಯಾಗುತ್ತೆ. ಮೈಗೆ ಮೈ ತಾಗಿಸಿ ಉಜ್ಜಿ ತಿರುಗಿಸಿದರೆ ಬಾಬಿನ್ ಸಣ್ಣಗಿರಲಿ ದಪ್ಪಗಿರಲಿ, ನೂಲಿನ ವೇಗ ಒಂದೇ. ಸೀರೆಯ ಮೊದಲ ಗಜಕ್ಕೂ ಕೊನೇ ಗಜಕ್ಕೂ ಹುರಿ ಒಂದೇ ಸಮ.

ಕಡಿದ ನೂಲನ್ನು ಗಂಟು ಹಾಕೋರು ಯಾರು? ಇಲ್ಲಿ ಈ ಇತಿಹಾಸ ಕಪ್ಪಾಗುತ್ತೆ. 1986ರ ಬಾಲಕಾರ್ಮಿಕ ಕಾಯ್ದೆ ಬಂದು ಹತ್ತು ವರ್ಷ ಆದ ಮೇಲೂ, 1996ರಲ್ಲಿ, ಮತ್ತೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಹೊರತಂದ ವರದಿಗಳಲ್ಲಿ ಕರ್ನಾಟಕದ ರೇಷ್ಮೆ ಕೆಲಸದ ಮಕ್ಕಳ ಕಥೆ ಇದೆ. ಮುಂಗಡ ಸಾಲಕ್ಕೆ ಒತ್ತೆ ಬಿದ್ದ ಮಕ್ಕಳು. ಬಿಸಿ ನೀರಿನಲ್ಲಿ ಕೈ ಅದ್ದಿ ಎಳೆ ಹುಡುಕೋರು, ಕದಿರಿನ ಸಾಲಿನ ಮುಂದೆ ದಿನವಿಡೀ ನಿಂತು ಕಡಿದ ನೂಲು ಕಟ್ಟೋರು. ಯಂತ್ರ ಎಲ್ಲಿ ಜಾರಬೇಕೋ ಅಲ್ಲಿ ಚೆನ್ನಾಗಿ ಜಾರುವಂತೆ ನಿಗಾ ಮಾಡಿದ್ದರೆ ನೂಲು ಕಡಿಯೋದು ಕಡಿಮೆ. ಆದರೆ ನಿಗಾಕ್ಕೆ ಕಾಸು ಬೇಕು, ಮಗುವಿನ ಬೆರಳು ಅದಕ್ಕಿಂತ ಅಗ್ಗ ಅಂತ ಲೆಕ್ಕ ಹಾಕಿದವರಿದ್ದರು. ಸವೆದ ಬಿಲ್ಲೆ ಬದಲಿಸದೆ ಹುಡುಗಿಯೊಬ್ಬಳನ್ನು ನಿಲ್ಲಿಸಿದ ಆ ಲೆಕ್ಕವೂ ನಮ್ಮ ಕಸುಬಿನ ಇತಿಹಾಸವೇ. ಜಿಲ್ಲೆಗೆ 2007ರಲ್ಲಿ ರಾಮನಗರ ಅಂತ ಹೆಸರಿಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಬದಲಿಸಿದ ಬಗ್ಗೆ ನಮ್ಮಲ್ಲಿ ಆದಷ್ಟು ಚರ್ಚೆ ಇದರ ಬಗ್ಗೆ ಆಗಲಿಲ್ಲ.

ಈ ನಡುವೆ ಹೊರಗಿನ ಜಗತ್ತಿನಲ್ಲಿ ಹೋಗಿಬಾ ಕೋಲಿಗೆ ಉಜ್ಜಾಟ ವಾಪಸ್ ಬಂತು, ಬೇರೆ ವೇಷದಲ್ಲಿ. 1950ರ ದಶಕದಲ್ಲಿ ಜರ್ಮನಿಯ ಕೀಲ್ ಊರಿನ ಯೋಆಖಿಮ್ ಊಹಿಂಗ್ ಒಂದು ಸಾಧನ ಮಾಡಿದರು, ಹೆಸರು ರೋಲಿಂಗ್ ರಿಂಗ್ ಡ್ರೈವ್. ನುಣುಪಾದ ಉಕ್ಕಿನ ಸಲಾಕೆ, ಮರೆ ಇಲ್ಲ, ಹಲ್ಲಿಲ್ಲ. ಅದು ಯಾವಾಗಲೂ ಒಂದೇ ಕಡೆಗೆ ತಿರುಗುತ್ತೆ. ಸಲಾಕೆಗಿಂತ ಸ್ವಲ್ಪ ದೊಡ್ಡ ತೂತಿನ ಬೇರಿಂಗುಗಳನ್ನು ಅದಕ್ಕೆ ಓರೆಯಾಗಿ ತೊಡಿಸಿ, ಸ್ಪ್ರಿಂಗಿನಿಂದ ಒತ್ತಿ ಹಿಡಿದಿರುತ್ತಾರೆ. ಓರೆಯಾದ ಉಂಗುರ ಸಲಾಕೆಯ ಮೇಲೆ ಉರುಳುತ್ತಾ ಪಕ್ಕಕ್ಕೆ ಸಾಗುತ್ತೆ. ಓರೆಯನ್ನು ಆ ಕಡೆ ತಿರುಗಿಸಿದರೆ ವಾಪಸ್ ಬರುತ್ತೆ. ತುದಿಯಲ್ಲಿ ಒಂದು ತಡೆ ಇಟ್ಟರೆ, ಅದು ತಾಗಿದಾಗ ಓರೆ ತಾನೇ ಮಗುಚಿಕೊಳ್ಳುತ್ತೆ. ತಂತಿ, ಕೇಬಲ್, ನೂಲು ಸುತ್ತುವ ಯಂತ್ರಗಳಿಗೆ ಇದು ಬಂತು.

ಲೆಕ್ಕ ಹೀಗೆ. 20 ಮಿಲಿಮೀಟರ್ ದಪ್ಪದ ಸಲಾಕೆಯ ಸುತ್ತಳತೆ ಸುಮಾರು 63 ಮಿಲಿಮೀಟರ್. ಉಂಗುರ 5 ಡಿಗ್ರಿ ಓರೆ ಇದ್ದರೆ ಸಲಾಕೆಯ ಒಂದು ಸುತ್ತಿಗೆ ಕೋಲು ಸುಮಾರು ಐದೂವರೆ ಮಿಲಿಮೀಟರ್ ಸರಿಯುತ್ತೆ. ಓರೆ ಹೆಚ್ಚಿಸಿದರೆ ವೇಗ, ತಗ್ಗಿಸಿದರೆ ನಿಧಾನ. ಗೇರು ಬದಲಿಸೋ ಕೆಲಸವೇ ಇಲ್ಲ. ಅಡ್ಡ ಬಂದದ್ದು ಸಿಕ್ಕಿದರೆ ಉಂಗುರ ಜಾರಿ ನಿಂತಲ್ಲೇ ನಿಲ್ಲುತ್ತೆ, ಮೋಟಾರು ಸುಡೋದಿಲ್ಲ, ಬೆರಳು ಜಜ್ಜೋ ಅಪಾಯವೂ ಹಲ್ಲಿನ ಚಕ್ರದಷ್ಟು ಇಲ್ಲ.

ಹಳೇ ಮಿಷನ್ ತಂದು ರಿಪೇರಿ ಮಾಡಿಸೋರು, ವೈಂಡಿಂಗ್ ಕೆಲಸ ಶುರು ಮಾಡೋ ಹುಡುಗರು ಇದನ್ನು ಓದುತ್ತಿದ್ದರೆ ನಾಲ್ಕು ಮಾತು. ಕೊಳ್ಳುವಾಗ ಮೊದಲು ಕೇಳಬೇಕಾದ್ದು ಎಷ್ಟು ಭಾರ ತಳ್ಳಬೇಕು, ಎಷ್ಟು ವೇಗ, ಸಲಾಕೆ ಎಷ್ಟು ಉದ್ದ ಅಂತ. ತಳ್ಳುವ ಶಕ್ತಿಯಷ್ಟೇ ಲೆಕ್ಕ ಹಾಕಿ ಕೊಂಡರೆ ಅದು ದಿನವೂ ಜಾರುತ್ತೆ, ಕೈಯಲ್ಲಿ ಸ್ವಲ್ಪ ಮಿಗಿಲು ಇರಬೇಕು. ಉದ್ದ ಸಲಾಕೆ ನಡುವೆ ಬಾಗಿದರೆ ವೇಗದಲ್ಲಿ ಅದುರುತ್ತೆ, ಆಗ ದಪ್ಪ ಸಲಾಕೆ ಬೇಕು. ಸರಿಯಾಗಿ ಇದೇ ಮಿಲಿಮೀಟರಿನಲ್ಲಿ ನಿಲ್ಲಬೇಕು ಅನ್ನೋ ಕೆಲಸಕ್ಕೆ ಇದು ಆಗೋದಿಲ್ಲ, ಚೂರು ಚೂರು ಜಾರಾಟ ಸೇರುತ್ತಾ ಹೋಗುತ್ತೆ. ಅಲ್ಲಿಗೆ ಮರೆಯ ಸಲಾಕೆಯೇ ಸೈ. ಕೂರಿಸುವಾಗ ಸಲಾಕೆಯೂ, ಕೋಲು ಜಾರುವ ದಾರಿಯೂ ಒಂದಕ್ಕೊಂದು ನೇರ ಇರಬೇಕು. ಓರೆ ಕೂತರೆ ಒಂದು ಕಡೆಗೆ ಹೋಗುವಾಗ ಬಿಗಿ, ಬರುವಾಗ ಸಡಿಲ.

ನಿಗಾ ಅಂದ ತಕ್ಷಣ ನಮ್ಮವರು ಎಣ್ಣೆ ಡಬ್ಬ ಹಿಡಿಯುತ್ತಾರೆ. ಇಲ್ಲಿ ಜೋಪಾನ. ಸಲಾಕೆಯನ್ನು ಆಗಾಗ ಒರೆಸಿ, ತುಕ್ಕು ಬಾರದಷ್ಟು ತೆಳ್ಳಗೆ ಗ್ರೀಸ್ ಸವರಬೇಕು. ಗ್ರಾಫೈಟ್, ಮಾಲಿಬ್ಡಿನಂ ಸೇರಿದ ಕಪ್ಪು ಗ್ರೀಸ್ ಮಾತ್ರ ಬೇಡವೇ ಬೇಡ. ಅದು ಉಜ್ಜಾಟವನ್ನೇ ಕೊಲ್ಲುತ್ತೆ. ಬೇಸಿನ್ ಮನೆಯಂಥ ಕಡೆ ಹಬೆ, ನೀರು, ಗೂಡಿನ ಅಂಟು ಮೂರೂ ಸೇರಿ ಸಲಾಕೆಯ ಮೇಲೆ ಪೊರೆ ಕಟ್ಟುತ್ತವೆ. ಹಳೇ ಬಿಲ್ಲೆ ರೀಲುಗಳಿಗೂ ಇದೇ ಮಾತು: ಅಚ್ಚಿನ ಬುಡಕ್ಕೆ ಎಣ್ಣೆ, ಉಜ್ಜುವ ಮುಖಕ್ಕೆ ಒಣ ಬಟ್ಟೆ. ನಮ್ಮ ಚರಕ, ಬೇಸಿನ್ ಮನೆಗಳು ಕ್ಯಾಮನ್ನೇ ನೆಚ್ಚಿಕೊಂಡಿರೋದರಲ್ಲಿ ತಪ್ಪೇನೂ ಕಾಣದು. ಕ್ಯಾಮ್ ಕೆಟ್ಟರೆ ರಾಮನಗರದ ಲೇತ್ ಅಂಗಡಿಯಲ್ಲೇ ಮಾಡಿಸಬಹುದು.

ಈಗಿನ ಗಲಾಟೆ ಬೇರೆ. ಆಟೋಮ್ಯಾಟಿಕ್ ರೀಲಿಂಗ್ ಮಿಷನ್ನುಗಳು ಬಂದಿವೆ, ಹೆಚ್ಚಿನವು ಚೀನಾದಿಂದ, ಸರ್ಕಾರದ ಸಹಾಯಧನದಲ್ಲಿ. ಒಂದರಲ್ಲಿ 400 ನೂಲು ಒಟ್ಟಿಗೆ ಓಡುವಂಥವೂ ಇವೆ. ಇವಕ್ಕೆ ಉದ್ದ ಎಳೆಯ ಬಿಳಿ ಬೈವೋಲ್ಟೀನ್ ಗೂಡು ಬೇಕು. ಕನಕಪುರ ಕಡೆ ಬೆಳೆಯುವ ಮಿಶ್ರತಳಿ ಹಳದಿ ಗೂಡು, ಅದಕ್ಕೆ ಬಿತ್ತನೆ ಕೊಡುವ ಮಾಗಡಿ–ಕುಣಿಗಲ್ ಕಡೆಯ ಮೈಸೂರು ತಳಿ ಅವುಗಳಿಗೆ ಒಗ್ಗೋದು ಕಷ್ಟ. ಹಳದಿ ಗೂಡಿಗೆ ಚರಕ, ಬೇಸಿನ್ನಿನವರೇ ಗಿರಾಕಿ. ಆ ಮನೆಗಳು ಮುಚ್ಚಿದಷ್ಟೂ ಹಳದಿ ಗೂಡು ಬೆಳೆಯುವ ರೈತನಿಗೆ ಮಾರುಕಟ್ಟೆಯಲ್ಲಿ ಕೂಗುವವರು ಕಡಿಮೆಯಾಗುತ್ತಾರೆ. ಮಿಷನ್ನು ಬೇಡ ಅಂತ ನಾನು ಹೇಳೋದಿಲ್ಲ, ಬಿಸಿ ನೀರಿನಿಂದ ಕೈ ಹೊರಗೆ ಬಂದದ್ದು ಒಳ್ಳೆಯದೇ. ಆದರೆ ಸಹಾಯಧನದ ಲೆಕ್ಕದಲ್ಲಿ ಹಳದಿ ಗೂಡಿನ ರೈತನೂ ಬೇಸಿನ್ ಮುಂದೆ ಕೂತ ಹೆಂಗಸೂ ಎಲ್ಲಿದ್ದಾರೆ ಅಂತ ಕೇಳಲೇಬೇಕು.

ಆ ಹೆಂಗಸು ಮಾಡುತ್ತಿದ್ದ ಕೆಲಸ ಏನು? ನೂಲು ತೆಳ್ಳಗಾಯಿತು, ಒಂದು ಗೂಡು ಮುಗಿಯಿತು, ಹೊಸ ಎಳೆ ಸೇರಿಸಬೇಕು ಅಂತ ಕಣ್ಣಲ್ಲೇ ಹಿಡಿಯೋದು. ಆಟೋಮ್ಯಾಟಿಕ್ ಮಿಷನ್ನಿನಲ್ಲಿ ಅದನ್ನು ಮಾಡೋದು ಎರಡು ಸಣ್ಣ ಗಾಜಿನ ಬಿಲ್ಲೆ. ಅವುಗಳ ನಡುವಿನ ಕೂದಲೆಳೆಯಂಥ ಸಂದಿಯಲ್ಲಿ ನೂಲು ಹಾಯುತ್ತೆ. ನೂಲು ದಪ್ಪ ಇರುವಷ್ಟು ಹೊತ್ತು ಗಾಜಿಗೆ ಉಜ್ಜಿ ಒಂದು ಸಣ್ಣ ಸನ್ನೆಯನ್ನು ಮೇಲೆ ಎತ್ತಿ ಹಿಡಿದಿರುತ್ತೆ. ತೆಳ್ಳಗಾದರೆ ಉಜ್ಜಾಟ ಕಡಿಮೆಯಾಗಿ ಸನ್ನೆ ಕೆಳಗೆ ಬೀಳುತ್ತೆ, ಯಂತ್ರ ಹೊಸ ಗೂಡಿನ ಎಳೆ ಕೊಡುತ್ತೆ. ಆ ಸಂದಿಯಲ್ಲಿ ಚೂರು ಅಂಟು ಕೂತರೂ ತೆಳ್ಳಗಿನ ನೂಲನ್ನೇ ದಪ್ಪ ಅಂತ ತಿಳಿದು ಸನ್ನೆ ಮೇಲೇ ನಿಲ್ಲುತ್ತೆ, ಲಡಿಗೆ ಲಡಿಯೇ ತೆಳ್ಳಗೆ ಹೋಗುತ್ತೆ. ಅದಕ್ಕೇ ಆ ಗಾಜನ್ನು ಆಗಾಗ ಒರೆಸುತ್ತಿರಲು ಅಲ್ಲೊಬ್ಬರು ಬೇಕು.